ಸಂಧಿ ಬಿಟ್ಟ ಬೆರಳುಗಳು

೧೯೭೨ರ ಗೌರಿಹಬ್ಬದ ಹಿಂದಿನ ದಿನ ನಮ್ಮ ಮನೆಯ ಜಗಲಿಯ ಮೇಲೆ ಬಳೆಗಾರ ಮಲಾರ ಬಿಚ್ಚಿ ಕುಳಿತಿದ್ದ. ನಾನಾಗ ಮಾಧ್ಯಮಿಕ ಶಾಲೆಯ ಹುಡುಗ. ಅವನು ನಮ್ಮ ಸೋದರತ್ತೆಯ ಕೈ ಹಿಡಿದು, ಬಳೆ ಏರಿಸುವುದಕ್ಕೆಂದು ಬೆರಳ ಬುಡದ ಗೆಣ್ಣುಗಳನ್ನು ಎರಡು ಕಡೆಯಿಂದ ಒತ್ತಿದೊಡನೆ ಆಕೆ ಚೀರಿ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಎಷ್ಟೋ ವರ್ಷಗಳಿಂದ ಆಕೆಗೆ ಬಳೆ ತೊಡಿಸುತ್ತಿದ್ದ ಆ ಮುದುಕ, ‘ಅಮ್ಮಾ, ಇದು ಹೋದ ವರ್ಷದ ಕೈಯಲ್ಲ’ ಎಂದ. ಬುಡದ ಗೆಣ್ಣುಗಳನ್ನು ಹಾಗೆ ಅಡ್ಡಲಾಗಿ ಒತ್ತಿ ನೋಡುವುದು ಈ ರೋಗವನ್ನು ಗುರುತಿಸಲು ವೈದ್ಯರು ಮಾಡುವ ಮೊದಲ ಪರೀಕ್ಷೆಗಳಲ್ಲೊಂದು ಎಂಬುದು ನನಗೆ ತಿಳಿದುದು ಬಹುಕಾಲದ ಮೇಲೆ.

ರೋಗಕ್ಕೆ ನಮ್ಮಲ್ಲಿ ಆಮವಾತವೆಂಬ ಹೆಸರು ರೂಢಿಯಲ್ಲಿದೆ. ಮಾಧವನಿದಾನದಲ್ಲಿ ಅದಕ್ಕೆ ಪ್ರತ್ಯೇಕ ಅಧ್ಯಾಯವೇ ಉಂಟು. ಇಂಗ್ಲಿಷಿನ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹೆಸರನ್ನು ಲಂಡನ್ನಿನ ವೈದ್ಯ ಗ್ಯಾರೊಡ್ ೧೮೫೯ರಲ್ಲಿ ಕೊಟ್ಟರು. ಕೀಲಿನ ಒಳಪೊರೆ ಊದಿಕೊಂಡು, ಮೃದ್ವಸ್ಥಿಯನ್ನೂ ಮೂಳೆಯನ್ನೂ ಮೆಲ್ಲಮೆಲ್ಲನೆ ತಿನ್ನುತ್ತದೆ. ಕೀಲನ್ನು ಕಟ್ಟಿದ ಬಂಧಗಳು ಸಡಿಲುತ್ತವೆ. ಆಗ ಬೆರಳುಗಳೆಲ್ಲ ಗಾಳಿಗೆ ಒಲೆದ ಪೈರಿನಂತೆ ಕಿರುಬೆರಳಿನ ಕಡೆಗೆ ವಾಲುತ್ತವೆ. ಬೆರಳು ಕೆಡುವ ರೀತಿಗಳಿಗೆ ವೈದ್ಯರು ಇಟ್ಟಿರುವ ಹೆಸರುಗಳು ಕವಿಗಳಿಗೆ ಸಲ್ಲಬೇಕಾದಂಥವು. ನಡುಗೆಣ್ಣು ಹಿಂದಕ್ಕೆ ಬಾಗಿ ತುದಿ ಮುಂದಕ್ಕೆ ಬಗ್ಗಿದರೆ ಅದು ಹಂಸದ ಕೊರಳು. ಬೆರಳನ್ನು ನೀಡಿಸುವ ಸ್ನಾಯುರಜ್ಜು ಸೀಳಿ, ಅದರ ನಡುವಿನಿಂದ ಗೆಣ್ಣು ಹೊರಚಾಚಿದರೆ ಅದು ಅಂಗಿಯ ಕಾಜದಲ್ಲಿ ತೂರಿದ ಗುಂಡಿ. ಹೆಸರು ಸುಂದರ, ಅನುಭವಿಸುವವರಿಗೆ ಅನ್ನ ಕಲಸುವುದೂ ಕಷ್ಟ.

ಫ್ರಾನ್ಸಿನ ಚಿತ್ರಕಾರ ರೆನುವಾರನ ಕೈಗಳು ಹೀಗೆಯೇ ಕೆಟ್ಟಿದ್ದುವು. ಕುಂಚವನ್ನು ಅವನ ಕೈಗೆ ಬಟ್ಟೆಯಿಂದ ಕಟ್ಟುತ್ತಿದ್ದರೆಂಬ ಕಥೆ ಎಲ್ಲರ ಬಾಯಲ್ಲೂ ಇದೆ. ಅದು ಸರಿಯಲ್ಲ. ಮಡಿಚಿಕೊಂಡ ಬೆರಳುಗಳಿಂದ ಅಂಗೈಯ ಚರ್ಮ ಹುಣ್ಣಾಗದಿರಲೆಂದು ಬಟ್ಟೆ ಸುತ್ತುತ್ತಿದ್ದರು. ಕುಂಚವನ್ನು ಹತ್ತಿರವಿದ್ದವರು ಬೆರಳುಗಳ ನಡುವೆ ಇಡುತ್ತಿದ್ದರು, ಬರೆಯುತ್ತಿದ್ದವನು ಅವನೇ. ೧೯೧೫ರಲ್ಲಿ ಸಾಶಾ ಗೀತ್ರಿ ತೆಗೆದ ಚಲನಚಿತ್ರದ ತುಣುಕಿನಲ್ಲಿ ಇದನ್ನು ಇಂದಿಗೂ ಕಾಣಬಹುದು. ೧೯೧೯ರಲ್ಲಿ ತೀರಿಕೊಳ್ಳುವವರೆಗೂ ಅವನು ಬರೆದ. ಅವನ ಕೈಗೆ ಮಾಡಬಲ್ಲ ಶಸ್ತ್ರಚಿಕಿತ್ಸೆ ಆಗ ಯಾರ ಬಳಿಯಲ್ಲೂ ಇರಲಿಲ್ಲ.

ಆಮೇಲೂ ಬಹುಕಾಲ ಶಸ್ತ್ರವೈದ್ಯರು ಇಂಥ ಕೈಯನ್ನು ಮುಟ್ಟಲು ಹಿಂಜರಿದರು. ಬೆಂಕಿ ಉರಿದು ಆರಲಿ, ಬೂದಿಯಲ್ಲಿ ಉಳಿದದ್ದನ್ನು ನೋಡೋಣ ಎಂಬುದು ಅವರ ನಿಲುವು. ೧೯೪೮ರಲ್ಲಿ ಅಮೆರಿಕದ ಮೇಯೊ ಆಸ್ಪತ್ರೆಯಲ್ಲಿ ಹೆಂಚ್ ಎಂಬುವರು ಕಾರ್ಟಿಸೋನನ್ನು ಮೊದಲ ಬಾರಿಗೆ ಕೊಟ್ಟಾಗ ಇನ್ನು ಚಿಂತೆಯಿಲ್ಲವೆಂದು ಜಗತ್ತು ಹಿಗ್ಗಿತು. ೧೯೫೦ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಆದರೆ ಆ ಮದ್ದಿನ ಕೇಡುಗಳು ಕಾಣಿಸಿಕೊಳ್ಳಲು ಬಹಳ ದಿನ ಹಿಡಿಯಲಿಲ್ಲ. ಅದೇ ೧೯೪೮ರಲ್ಲಿ ಇಂಗ್ಲೆಂಡಿನ ವಾನ್-ಜ್ಯಾಕ್ಸನ್ ಇಬ್ಬರು ರೋಗಿಗಳ ವೃತ್ತಾಂತವನ್ನು ಬರೆದರು. ಒಂದು ದಿನ ಇದ್ದಕ್ಕಿದ್ದಂತೆ ಕಿರುಬೆರಳು ಮೇಲೇಳುವುದಿಲ್ಲ. ಆಮೇಲೆ ಉಂಗುರದ ಬೆರಳಿಗೂ ಅದೇ ಗತಿ. ಮಣಿಕಟ್ಟಿನಲ್ಲಿ ಒರಟಾದ ಮೂಳೆಯ ತುದಿಗೆ ತೇಯ್ದು ತೇಯ್ದು, ಬಾವಿಕಟ್ಟೆಯ ಕಲ್ಲಿಗೆ ಸವೆದ ಹಗ್ಗದಂತೆ ಸ್ನಾಯುರಜ್ಜು ಹರಿದಿರುತ್ತದೆ. ಆಮವಾತದ ರೋಗಿಗಳಲ್ಲಿ ಇದು ಅಪರೂಪವಲ್ಲವೆಂದು ಮುಂದೆ ತಿಳಿಯಿತು. ಹಾಗಾದರೆ ಬೆಂಕಿ ಆರುವವರೆಗೆ ಕಾಯುವುದೆಂದರೆ ಹಗ್ಗ ಹರಿಯುವವರೆಗೆ ಕಾಯುವುದೆಂದೇ ಅರ್ಥವಲ್ಲವೆ?

ಕಾಯಬಾರದೆಂಬ ಮಾತು ಗಟ್ಟಿಯಾಗಿ ಕೇಳಿಬಂದುದು ಫಿನ್ಲೆಂಡಿನಿಂದ. ಅಲ್ಲಿನ ಹೇನೋಲ ಎಂಬ ಸಣ್ಣ ಊರಿನಲ್ಲಿ ವಾತರೋಗಗಳಿಗಾಗಿಯೇ ೧೯೫೧ರಲ್ಲಿ ಒಂದು ಆಸ್ಪತ್ರೆ ತೆರೆಯಿತು. ವೈದ್ಯ ಲೈನೆ ಮತ್ತು ಶಸ್ತ್ರವೈದ್ಯ ಕೌಕೊ ವೈನಿಯೊ ಅಲ್ಲಿ ಒಂದೇ ರೋಗಿಯನ್ನು ಕೂಡಿ ನೋಡುತ್ತಿದ್ದರು. ಇಂದು ಇದು ಸಾಮಾನ್ಯ ಸಂಗತಿಯೆನಿಸಬಹುದು. ಮದ್ದು ಕೊಡುವವನೂ ಕತ್ತಿ ಹಿಡಿಯುವವನೂ ಒಬ್ಬರ ಮಾತನ್ನೊಬ್ಬರು ಕೇಳುವುದು ಆ ಕಾಲಕ್ಕೆ ಹೊಸತು. ಊದಿದ ಒಳಪೊರೆಯನ್ನು ಬೇಗನೆ ತೆಗೆದುಹಾಕುವುದು, ಕೆಟ್ಟ ಕೀಲನ್ನು ಬಿಡಿಸಿ ರೋಗಿಯ ಸ್ವಂತ ರಜ್ಜುವನ್ನೇ ಮೂಳೆಗಳ ನಡುವೆ ಮೆತ್ತೆಯಾಗಿ ಇರಿಸುವುದು, ಇವನ್ನು ನೋಡಿ ಕಲಿಯಲು ದೇಶದೇಶಗಳ ಶಸ್ತ್ರವೈದ್ಯರು ಅಲ್ಲಿಗೆ ಹೋದರು.

ಕೆಟ್ಟ ಕೀಲಿನ ಜಾಗದಲ್ಲಿ ಹೊಸ ಕೀಲನ್ನೇ ಕೂರಿಸಬಾರದೇಕೆ? ಬಾಗಿಲ ತಿರುಗಣೆಯಂಥ ಲೋಹದ ಕೀಲನ್ನು ಪ್ರಯೋಗಿಸಿದವರಲ್ಲಿ ಅಮೆರಿಕದ ಅಯೋವದಲ್ಲಿ ನೆಲೆಸಿದ ಏಡ್ರಿಯನ್ ಫ್ಲಾಟ್ ಪ್ರಮುಖರು. ಕೈಯೆಂದರೆ ಅವರಿಗೆ ಒಂದು ಬಗೆಯ ಭಕ್ತಿ. ಹೆಸರಾಂತ ವ್ಯಕ್ತಿಗಳ ಕೈಗಳನ್ನು ಕಂಚಿನಲ್ಲಿ ಎರಕ ಹೊಯ್ಯಿಸಿದ ಅವರ ಸಂಗ್ರಹ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯಲ್ಲಿದೆ. ಆದರೆ ಲೋಹ ಗಟ್ಟಿ, ರೋಗ ತಿಂದ ಮೂಳೆ ಮೆದು. ಕೀಲು ಮೂಳೆಯನ್ನು ಕೊರೆದು ಒಳಗಿಳಿಯಿತು. ೧೪ ವರ್ಷಗಳ ಅನುಭವವನ್ನು ಫ್ಲಾಟ್ ೧೯೭೨ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ವಿದ್ವತ್ ಪತ್ರಿಕೆಗಳಲ್ಲಿ ಗೆದ್ದವರ ಲೇಖನಗಳನ್ನೇ ಓದಿ ಬೇಸತ್ತ ನನ್ನಂಥವನಿಗೆ ಈ ಪ್ರಾಮಾಣಿಕತೆ ದೊಡ್ಡದಾಗಿ ಕಾಣುತ್ತದೆ.

ಅದೇ ವರ್ಷ, ಅದೇ ಪತ್ರಿಕೆಯಲ್ಲಿ, ಮಿಶಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸಿನ ಆಲ್ಫ್ರೆಡ್ ಸ್ವಾನ್ಸನ್ ತಮ್ಮ ಸಿಲಿಕೋನ್ ರಬ್ಬರಿನ ತುಂಡಿನ ವಿಚಾರ ಬರೆದರು. ನಡುವೆ ಬಾಗುವ ಭಾಗ, ಎರಡು ಕಡೆ ಎರಡು ಕಡ್ಡಿ. ಕಡ್ಡಿಗಳು ಆಚೀಚೆಯ ಮೂಳೆಗಳ ಟೊಳ್ಳಿನೊಳಕ್ಕೆ ಹೋಗುತ್ತವೆ. ಅಂಟಿಲ್ಲ, ಮೊಳೆಯಿಲ್ಲ. ಈ ತುಂಡು ತಾನೇ ಕೀಲಾಗಲು ಹೊರಡುವುದಿಲ್ಲ ಎಂಬುದರಲ್ಲಿಯೇ ಅದರ ಜಾಣ್ಮೆ ಇದೆ. ಅದು ಜಾಗ ಹಿಡಿದು ಕುಳಿತಿರುತ್ತದೆ. ಸುತ್ತಲೂ ದೇಹ ತಾನಾಗಿ ನಾರಿನ ಚೀಲವೊಂದನ್ನು ನೇಯ್ದುಕೊಳ್ಳುತ್ತದೆ. ವಾರಗಟ್ಟಲೆ ರಬ್ಬರ್ ಪಟ್ಟಿಗಳ ಆಸರೆಯಲ್ಲಿ ಬೆರಳಾಡಿಸುತ್ತ ಆ ಚೀಲವನ್ನು ಪಳಗಿಸಬೇಕು. ವರ್ಷಗಳು ಕಳೆದಂತೆ ಎಷ್ಟೋ ತುಂಡುಗಳು ಮುರಿಯುತ್ತವೆ. ಮುರಿದ ಮೇಲೂ ಹಲವು ಬೆರಳುಗಳು ಕೆಲಸ ಮಾಡುತ್ತಿರುತ್ತವೆ.

ಕನ್ನಡದ ಮೇಷ್ಟರಿಗೆ ಇಲ್ಲಿ ವ್ಯಾಕರಣ ನೆನಪಾದರೆ ಓದುಗರು ಕ್ಷಮಿಸಬೇಕು. ಮಣಿಕಟ್ಟಿನ ಒರಟು ಮೂಳೆಯ ತುದಿಯನ್ನು ತೆಗೆದರೆ ಲೋಪಸಂಧಿ. ಇಲ್ಲದ ರಬ್ಬರನ್ನು ತಂದು ನಡುವೆ ಇಟ್ಟರೆ ಆಗಮ. ತೋರುಬೆರಳನ್ನು ನೀಡಿಸಲು ಎರಡು ರಜ್ಜುಗಳಿವೆ. ಅವುಗಳಲ್ಲಿ ಒಂದನ್ನು ಹರಿದುಹೋದುದರ ಸ್ಥಾನಕ್ಕೆ ತಂದು ಹೊಲಿದರೆ ಆದೇಶ. ಇಂಥ ಆದೇಶವನ್ನೇ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ೧೯೪೦ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಕೈಗಳಿಗೆ ಮಾಡಿ ಹೆಸರಾಗಿದ್ದರು. ಕೇಶಿರಾಜನಿಗೆ ಈ ಹೋಲಿಕೆ ಹಿಡಿಸುತ್ತಿತ್ತೋ ಇಲ್ಲವೋ ಕಾಣೆ.

ಇಷ್ಟೆಲ್ಲ ಆದರೂ ಫಲದ ವಿಷಯದಲ್ಲಿ ವೈದ್ಯರಲ್ಲೇ ಒಮ್ಮತವಿರಲಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಕೆವಿನ್ ಚಂಗ್ ಮತ್ತು ಸಂಗಡಿಗರು ವಿಚಾರಿಸಿದಾಗ, ಶಸ್ತ್ರವೈದ್ಯರು ಹೊಗಳಿದ ಚಿಕಿತ್ಸೆಯನ್ನು ಮದ್ದಿನ ವೈದ್ಯರು ನಂಬಲೊಲ್ಲರೆಂದು ತಿಳಿಯಿತು. ಚಂಗ್ ಅವರು ಮುಂದೆ ಸ್ವಾನ್ಸನ್ನರ ತುಂಡನ್ನು ಇಡಿಸಿಕೊಂಡವರನ್ನೂ ಇಡಿಸಿಕೊಳ್ಳದವರನ್ನೂ ವರ್ಷಗಟ್ಟಲೆ ಅನುಸರಿಸಿ ನೋಡಿದರು. ಹಿಡಿತದ ಬಲ ಹೆಚ್ಚಲಿಲ್ಲ. ಕೈಯ ಬಳಕೆ ಸುಧಾರಿಸಿತು. ಕೈಯ ರೂಪವೂ ಸುಧಾರಿಸಿತು, ಅದು ರೋಗಿಗಳಿಗೆ ಬಹಳ ಮುಖ್ಯವಾಗಿತ್ತು. ಮೊದಲು ನೋವು, ಆಮೇಲೆ ಕೆಲಸ, ಕಟ್ಟಕಡೆಗೆ ಅಂದ ಎಂದು ಶಸ್ತ್ರವೈದ್ಯರು ತಮ್ಮ ಶಿಷ್ಯರಿಗೆ ಬಹುಕಾಲದಿಂದ ಪಾಠ ಹೇಳುತ್ತ ಬಂದಿದ್ದರು. ರೋಗಿಗಳು ಆ ಪಾಠವನ್ನು ಕೇಳಿರಲಿಲ್ಲ.

೧೯೮೦ರ ದಶಕದಿಂದ ಮೆಥೊಟ್ರೆಕ್ಸೇಟ್, ೧೯೯೦ರ ದಶಕದ ಕೊನೆಯಿಂದ ಇನ್ನೂ ಬಲವಾದ ಮದ್ದುಗಳು ಬಂದು ಬೆಂಕಿಯನ್ನು ಮೊದಲಲ್ಲೇ ಅಡಗಿಸತೊಡಗಿದುವು. ಹಂಸದ ಕೊರಳನ್ನು ಕಾಣುವುದೇ ಈಗ ಕಡಿಮೆಯಾಗುತ್ತಿದೆ. ಹೇನೋಲದ ಆಸ್ಪತ್ರೆಯೂ ೨೦೧೦ರಲ್ಲಿ ಮುಚ್ಚಿತು.

ನಮ್ಮ ಅತ್ತೆಗೆ ಯಾವ ಶಸ್ತ್ರಚಿಕಿತ್ಸೆಯೂ ಆಗಲಿಲ್ಲ. ಕಳೆದ ವರ್ಷ, ಈಗ ಕೈಯ ಶಸ್ತ್ರವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದಾಗ ಈ ಕಥೆ ಹೇಳಿದೆ. ‘ಅವರು ಏನೇನು ಕೆಲಸ ಮಾಡುತ್ತಿದ್ದರು ಸಾರ್?’ ಎಂದು ಕೇಳಿದ. ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಆ ಬಾಗಿದ ಬೆರಳುಗಳಿಂದಲೇ ದಿನಕ್ಕೆ ನಾಲ್ಕು ಮೊಳ ಮಲ್ಲಿಗೆ ಕಟ್ಟುತ್ತಿದ್ದರು ಎಂದೆ. ‘ಹಾಗಾದರೆ ನಾನು ಆ ಕೈ ಮುಟ್ಟುತ್ತಿರಲಿಲ್ಲ’ ಎಂದ. ಆಮೇಲೆ ಗೋಡೆಯ ಮೇಲಿನ ಮದುವೆಯ ಫೋಟೋ ತೋರಿಸಿದೆ. ಮುಂದಿನ ಸಾಲಿನಲ್ಲಿ ಅತ್ತೆ ಕುಳಿತಿದ್ದಾರೆ. ಎರಡು ಕೈಗಳೂ ಸೆರಗಿನ ಒಳಗಿವೆ. ಅವನು ಬಹಳ ಹೊತ್ತು ನೋಡಿದ. ‘ಇಲ್ಲ ಸಾರ್, ಅವರನ್ನೇ ಒಂದು ಮಾತು ಕೇಳುತ್ತಿದ್ದೆ’ ಎಂದ.