ನಾಲತವಾಡ ಪಟ್ಟಣ ಪಂಚಾಯಿತಿ

ನಾಲತವಾಡ ಪಟ್ಟಣ ಪಂಚಾಯಿತಿಯು ಕರ್ನಾಟಕದ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡ ಪಟ್ಟಣದ ಸ್ಥಳೀಯ ಆಡಳಿತ ಸಂಸ್ಥೆಯಾಗಿದೆ. ಇದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ. ಕುಡಿಯುವ ನೀರು, ಚರಂಡಿ, ಬೀದಿದೀಪ, ಕಸ ವಿಲೇವಾರಿ, ಒಳರಸ್ತೆ, ಆಸ್ತಿ ತೆರಿಗೆ ಹಾಗೂ ಕಟ್ಟಡ ಪರವಾನಗಿ ಇದರ ದೈನಂದಿನ ಕಾರ್ಯಗಳು. ಚುನಾಯಿತ ಸದಸ್ಯರ ಸಾಮಾನ್ಯ ಸಭೆಯಲ್ಲಿ ಅಂಗೀಕಾರವಾಗುವ ಠರಾವುಗಳು ಈ ಕಾರ್ಯಗಳಿಗೆ ಆಧಾರವಾಗಿರುತ್ತವೆ.

ಹಿನ್ನೆಲೆ

ನಾಲತವಾಡವು ಮುದ್ದೇಬಿಹಾಳದಿಂದ ನಾರಾಯಣಪುರದ ಕಡೆಗೆ ಸಾಗುವ ಮಾರ್ಗದಲ್ಲಿದೆ. ಕೃಷ್ಣಾ ನದಿಗೆ ಕಟ್ಟಲಾದ ನಾರಾಯಣಪುರ ಅಣೆಕಟ್ಟು (ಬಸವಸಾಗರ) ಈ ಭಾಗದಲ್ಲಿಯೇ ಇದೆ. ಶರಣ ವೀರೇಶ್ವರರ ಊರೆಂದೂ ನಾಲತವಾಡ ಪ್ರಸಿದ್ಧವಾಗಿದೆ. ಈ ಪ್ರದೇಶವು ಮೊದಲು ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಏಕೀಕರಣದ ನಂತರವೂ ರಾಜ್ಯದ ಬೇರೆ ಬೇರೆ ಪ್ರದೇಶಗಳಲ್ಲಿ ಬೇರೆ ಬೇರೆ ಪುರಸಭಾ ಕಾನೂನುಗಳು ಜಾರಿಯಲ್ಲಿದ್ದವು. ಅವುಗಳ ಬದಲಿಗೆ ಏಕರೂಪದ ಕಾನೂನಾಗಿ 1964ರ ಅಧಿನಿಯಮವನ್ನು ರೂಪಿಸಲಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೇಲೆ ಅಧಿನಿಯಮದ ಹೆಸರೂ ಬದಲಾಯಿತು.

ಪಟ್ಟಣ ಪಂಚಾಯಿತಿಗಳ ಇಂದಿನ ಸ್ವರೂಪಕ್ಕೆ ಸಂವಿಧಾನದ 74ನೇ ತಿದ್ದುಪಡಿ ಮೂಲವಾಗಿದೆ. 1993ರ ಜೂನ್ 1ರಂದು ಜಾರಿಗೆ ಬಂದ ಈ ತಿದ್ದುಪಡಿಯು ಗ್ರಾಮದಿಂದ ಪಟ್ಟಣವಾಗಿ ಬದಲಾಗುತ್ತಿರುವ ಪ್ರದೇಶಗಳಿಗೆ, ಚಿಕ್ಕ ನಗರಗಳಿಗೆ ಮತ್ತು ದೊಡ್ಡ ನಗರಗಳಿಗೆ ಪ್ರತ್ಯೇಕವಾದ ಮೂರು ಬಗೆಯ ಸಂಸ್ಥೆಗಳನ್ನು ಗುರುತಿಸಿತು. ಕರ್ನಾಟಕದಲ್ಲಿ ಸಾಮಾನ್ಯವಾಗಿ 10,000ದಿಂದ 20,000 ಜನಸಂಖ್ಯೆಯ ಊರುಗಳಿಗೆ ಪಟ್ಟಣ ಪಂಚಾಯಿತಿ, 20,000ದಿಂದ 50,000 ಜನಸಂಖ್ಯೆಗೆ ಪುರಸಭೆ, ಅದಕ್ಕೂ ಮೇಲೆ 3 ಲಕ್ಷದವರೆಗೆ ನಗರಸಭೆ ಮತ್ತು ಅದನ್ನು ಮೀರಿದರೆ ಮಹಾನಗರ ಪಾಲಿಕೆ ಇರುತ್ತದೆ. ಜನಸಂಖ್ಯೆಯ ಜೊತೆಗೆ ಜನಸಾಂದ್ರತೆ ಹಾಗೂ ಕೃಷಿಯೇತರ ಉದ್ಯೋಗದ ಪ್ರಮಾಣವನ್ನೂ ಪರಿಗಣಿಸಲಾಗುತ್ತದೆ.

ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಗೆ

ನಾಲತವಾಡವು ಪಟ್ಟಣ ಪಂಚಾಯಿತಿಯಾಗುವ ಮುನ್ನ ಗ್ರಾಮ ಪಂಚಾಯಿತಿಯಾಗಿತ್ತು. ಹೀಗೆ ಮೇಲ್ದರ್ಜೆಗೇರಿದ ಊರುಗಳಲ್ಲಿ ಆಡಳಿತದ ಕಾನೂನೇ ಬದಲಾಗುತ್ತದೆ. ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಸ್ಥಾನದಲ್ಲಿ ಮುಖ್ಯಾಧಿಕಾರಿ ಬರುತ್ತಾರೆ. ಮೇಲ್ವಿಚಾರಣೆಯು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಂದ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶ ಮತ್ತು ಪೌರಾಡಳಿತ ನಿರ್ದೇಶನಾಲಯಕ್ಕೆ ವರ್ಗವಾಗುತ್ತದೆ. ಆಸ್ತಿ ದಾಖಲೆಗಳು ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ರಿಂದ ಇ-ಆಸ್ತಿ ತಂತ್ರಾಂಶದ ನಮೂನೆ 3ಕ್ಕೆ ಬದಲಾಗಬೇಕಾಗುತ್ತದೆ. ಹಳೆಯ ದಾಖಲೆಯಲ್ಲಿ ಅಳತೆ ಅಥವಾ ಹೆಸರು ತಪ್ಪಾಗಿದ್ದರೆ ಈ ಹಂತದಲ್ಲಿ ಮಾರಾಟ, ಸಾಲ ಮತ್ತು ವಾರಸಾ ಬದಲಾವಣೆಗಳಿಗೆ ತೊಡಕಾಗುತ್ತದೆ.

ಬಡ ಕುಟುಂಬಗಳ ಮೇಲೆ ಇದರ ನೇರ ಪರಿಣಾಮ ಇನ್ನೊಂದಿದೆ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮವು ಗ್ರಾಮೀಣ ಕುಟುಂಬಗಳಿಗೆ ವರ್ಷಕ್ಕೆ 100 ದಿನಗಳ ಕೂಲಿ ಕೆಲಸದ ಭರವಸೆ ನೀಡಿತು. ಊರು ಪಟ್ಟಣವಾದೊಡನೆ ಅಲ್ಲಿನ ಕೂಲಿಕಾರರು ಈ ಯೋಜನೆಯ ವ್ಯಾಪ್ತಿಯಿಂದ ಹೊರಗುಳಿದರು. ಮಳೆಯಾಶ್ರಿತ ಬೇಸಾಯವನ್ನೇ ನಂಬಿದ, ಬರಗಾಲದಲ್ಲಿ ಗುಳೆ ಹೋಗುವುದು ಸಾಮಾನ್ಯವಾಗಿರುವ ವಿಜಯಪುರ ಜಿಲ್ಲೆಯಲ್ಲಿ ಇದು ಸಣ್ಣ ನಷ್ಟವಲ್ಲ. ಈ ಕಾರಣದಿಂದ, ಮೇಲ್ದರ್ಜೆಗೇರಿದ ಊರುಗಳಲ್ಲಿ ನೀರು, ರಸ್ತೆ ಮತ್ತು ನೈರ್ಮಲ್ಯದ ಸೌಲಭ್ಯಗಳು ಎಷ್ಟು ಬೇಗ ಸುಧಾರಿಸುತ್ತವೆ ಎಂಬುದು ಮಹತ್ವದ ಪ್ರಶ್ನೆಯಾಗುತ್ತದೆ.

ರಚನೆ

ಪಟ್ಟಣವನ್ನು ವಾರ್ಡುಗಳಾಗಿ ವಿಂಗಡಿಸಿ, ಪ್ರತಿ ವಾರ್ಡಿನಿಂದ ಒಬ್ಬ ಸದಸ್ಯರನ್ನು ಐದು ವರ್ಷಗಳ ಅವಧಿಗೆ ಆಯ್ಕೆ ಮಾಡಲಾಗುತ್ತದೆ. ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗ ನಡೆಸುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಮಹಿಳೆಯರಿಗೆ ಮೀಸಲಾತಿ ಇರುತ್ತದೆ. ಸರ್ಕಾರವು ನಾಮನಿರ್ದೇಶನ ಮಾಡುವ ಸದಸ್ಯರು ಚರ್ಚೆಯಲ್ಲಿ ಭಾಗವಹಿಸಬಹುದಾದರೂ ಅವರಿಗೆ ಮತದಾನದ ಹಕ್ಕಿಲ್ಲ. ಕ್ಷೇತ್ರದ ಶಾಸಕರು ಮತ್ತು ಸಂಸದರು ಪದನಿಮಿತ್ತ ಸದಸ್ಯರಾಗಿದ್ದು, ಅಧ್ಯಕ್ಷರ ಆಯ್ಕೆಯಲ್ಲಿ ಮತ ಚಲಾಯಿಸುತ್ತಾರೆ.

ಅಧ್ಯಕ್ಷ ಮತ್ತು ಉಪಾಧ್ಯಕ್ಷರ ಅವಧಿ 30 ತಿಂಗಳು. ಆ ಸ್ಥಾನಗಳು ಯಾವ ವರ್ಗಕ್ಕೆ ಮೀಸಲು ಎಂಬುದನ್ನು ರಾಜ್ಯ ಸರ್ಕಾರ ಆವರ್ತನ ಪದ್ಧತಿಯಂತೆ ಪ್ರಕಟಿಸುತ್ತದೆ. ಕಾರ್ಯನಿರ್ವಹಣೆಯ ಹೊಣೆ ಸರ್ಕಾರದಿಂದ ನೇಮಕವಾದ ಮುಖ್ಯಾಧಿಕಾರಿಯದು. ಪಟ್ಟಣ ಪಂಚಾಯಿತಿಗಳ ಸಿಬ್ಬಂದಿಯಲ್ಲಿ ಎಂಜಿನಿಯರ್, ಆರೋಗ್ಯ ನಿರೀಕ್ಷಕ, ಕರ ವಸೂಲಿಗಾರ, ನೀರು ಬಿಡುವ ಸಿಬ್ಬಂದಿ ಮತ್ತು ಪೌರಕಾರ್ಮಿಕರು ಇರುತ್ತಾರೆ.

ಸಾಮಾನ್ಯ ಸಭೆ

ತಿಂಗಳಿಗೊಮ್ಮೆಯಾದರೂ ಸಾಮಾನ್ಯ ಸಭೆ ನಡೆಸಬೇಕೆಂದು ಅಧಿನಿಯಮ ಹೇಳುತ್ತದೆ. ಸಭೆಯ ದಿನಾಂಕ ಮತ್ತು ವಿಷಯಸೂಚಿಯನ್ನು ಒಳಗೊಂಡ ತಿಳಿವಳಿಕೆ ಪತ್ರವನ್ನು ಸದಸ್ಯರಿಗೆ ಮುಂಚಿತವಾಗಿ ತಲುಪಿಸಲಾಗುತ್ತದೆ. ಅಧ್ಯಕ್ಷರು, ಅವರ ಗೈರುಹಾಜರಿಯಲ್ಲಿ ಉಪಾಧ್ಯಕ್ಷರು, ಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಕೋರಂ ಇಲ್ಲದಿದ್ದರೆ ಸಭೆಯನ್ನು ಮುಂದೂಡಲಾಗುತ್ತದೆ. ನಿರ್ಣಯಗಳು ಬಹುಮತದಿಂದ ಆಗುತ್ತವೆ. ಮತಗಳು ಸಮವಾದಾಗ ಸಭಾಧ್ಯಕ್ಷರಿಗೆ ನಿರ್ಣಾಯಕ ಮತವಿರುತ್ತದೆ.

ಪಟ್ಟಣ ಪಂಚಾಯಿತಿಗಳ ಸಾಮಾನ್ಯ ಸಭೆಯ ವಿಷಯಸೂಚಿ ಬಹುಮಟ್ಟಿಗೆ ಕೆಳಗಿನಂತಿರುತ್ತದೆ:

• ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು
• ಕಳೆದ ತಿಂಗಳ ಜಮಾ-ಖರ್ಚಿಗೆ ಮಂಜೂರಾತಿ ನೀಡುವುದು
• ಅನುದಾನದ ಕ್ರಿಯಾಯೋಜನೆ ಮತ್ತು ಟೆಂಡರ್ ದರಗಳ ಪರಿಶೀಲನೆ
• ಮೋಟಾರ್, ಪೈಪ್‌ಲೈನ್ ಮತ್ತು ಬೀದಿದೀಪಗಳ ದುರಸ್ತಿ
• ಸಂತೆ ಕರ ವಸೂಲಿ ಮತ್ತು ವಾಣಿಜ್ಯ ಮಳಿಗೆಗಳ ಹರಾಜು
• ಸಾರ್ವಜನಿಕರ ಅರ್ಜಿಗಳು
• ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು

ಮೇಲ್ನೋಟಕ್ಕೆ ಇವು ಚಿಕ್ಕ ವಿಷಯಗಳು. ಆದರೆ ಬೇಸಿಗೆಯಲ್ಲಿ ಸುಟ್ಟುಹೋದ ಮೋಟಾರೊಂದರ ದುರಸ್ತಿ ವೆಚ್ಚಕ್ಕೆ ಮಂಜೂರಾತಿ ವಿಳಂಬವಾದರೆ ಇಡೀ ವಾರ್ಡಿನ ಮನೆಗಳು ಟ್ಯಾಂಕರ್‌ಗಾಗಿ ಕಾಯಬೇಕಾಗುತ್ತದೆ. ಕ್ರಿಯಾಯೋಜನೆಯಲ್ಲಿ ಬಿಟ್ಟುಹೋದ ಓಣಿಯ ಚರಂಡಿಯು ಮುಂದಿನ ವರ್ಷದ ಅನುದಾನದವರೆಗೆ ಹಾಗೆಯೇ ಉಳಿಯುತ್ತದೆ. 3 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸಂವಿಧಾನವು ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದೆ. ಚಿಕ್ಕ ಪಟ್ಟಣಗಳಿಗೆ ಆ ಕಡ್ಡಾಯವಿಲ್ಲದ ಕಾರಣ, ಓಣಿಯ ದೂರು ಅಧಿಕೃತ ದಾಖಲೆಗೆ ಸೇರುವ ಮುಖ್ಯ ವೇದಿಕೆ ಸಾಮಾನ್ಯ ಸಭೆಯೇ ಆಗಿರುತ್ತದೆ.

ಕಾನೂನುಬಾಹಿರವೆಂದು ಅಥವಾ ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಕಂಡುಬಂದ ಠರಾವನ್ನು ಅಮಾನತಿನಲ್ಲಿಡುವ ಅಧಿಕಾರ ಜಿಲ್ಲಾಧಿಕಾರಿಗಿದೆ.

ಕಾರ್ಯಗಳು

ಅಧಿನಿಯಮದ 87ನೇ ಪ್ರಕರಣವು ಕಡ್ಡಾಯ ಕಾರ್ಯಗಳನ್ನೂ 91ನೇ ಪ್ರಕರಣವು ವಿವೇಚನಾ ಕಾರ್ಯಗಳನ್ನೂ ಪಟ್ಟಿ ಮಾಡುತ್ತವೆ. ಬೀದಿಗಳ ಸ್ವಚ್ಛತೆ, ದೀಪ, ಚರಂಡಿ ಮತ್ತು ನೀರು ಪೂರೈಕೆ ಮೊದಲನೆಯ ಗುಂಪಿಗೆ ಸೇರುತ್ತವೆ. ಉದ್ಯಾನ, ವಾಚನಾಲಯದಂಥವು ಎರಡನೆಯದಕ್ಕೆ. ಸಂವಿಧಾನದ 12ನೇ ಅನುಸೂಚಿಯು ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹೆಸರಿಸಿದೆ. ಪೌರಕಾರ್ಮಿಕರ ನೇಮಕಕ್ಕೆ ರಾಜ್ಯದಲ್ಲಿ 700 ಜನಸಂಖ್ಯೆಗೆ ಒಬ್ಬರು ಎಂಬ ಮಾನದಂಡವಿದೆ. ಮೂಲದಲ್ಲಿಯೇ ಹಸಿ ಮತ್ತು ಒಣ ಕಸವನ್ನು ಬೇರ್ಪಡಿಸುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಡ್ಡಾಯಗೊಳಿಸಿದವು.

ಹಣಕಾಸು

ಆಸ್ತಿ ತೆರಿಗೆ, ನೀರಿನ ಕರ, ವ್ಯಾಪಾರ ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ ಮತ್ತು ಸಂತೆ ಕರ ಪಟ್ಟಣ ಪಂಚಾಯಿತಿಗಳ ಸ್ವಂತ ಆದಾಯದ ಮೂಲಗಳು. ಆಸ್ತಿ ತೆರಿಗೆಯನ್ನು ಮಾಲೀಕರೇ ಲೆಕ್ಕ ಹಾಕಿ ಘೋಷಿಸುವ ಪದ್ಧತಿ ಇದೆ. ಏಪ್ರಿಲ್ ತಿಂಗಳಲ್ಲಿ ಪಾವತಿಸಿದರೆ ಶೇ 5 ರಿಯಾಯಿತಿ ದೊರೆಯುತ್ತದೆ. ಜುಲೈನಿಂದ ತಿಂಗಳಿಗೆ ಶೇ 2ರಂತೆ ದಂಡ ಬೀಳುತ್ತದೆ. ತೆರಿಗೆಯೊಂದಿಗೆ ವಸೂಲಾಗುವ ಗ್ರಂಥಾಲಯ ಕರ ಮತ್ತು ಭಿಕ್ಷುಕರ ಕರ ಸಂಸ್ಥೆಯ ಸ್ವಂತ ಆದಾಯವಲ್ಲ. ಅವುಗಳನ್ನು ಸಂಬಂಧಪಟ್ಟ ಇಲಾಖೆಗಳಿಗೆ ಪಾವತಿಸಬೇಕು.

ಸ್ವಂತ ಆದಾಯ ಕಡಿಮೆ ಇರುವ ಚಿಕ್ಕ ಪಟ್ಟಣಗಳು ಹೆಚ್ಚಾಗಿ ಅನುದಾನವನ್ನೇ ಅವಲಂಬಿಸುತ್ತವೆ. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನವು ವೇತನ, ವಿದ್ಯುತ್ ಮತ್ತು ಅಭಿವೃದ್ಧಿ ಎಂಬ ಬಾಬ್ತುಗಳಲ್ಲಿ ಬರುತ್ತದೆ. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಚಿಕ್ಕ ನಗರ ಸಂಸ್ಥೆಗಳ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಹಾಗೂ ನೈರ್ಮಲ್ಯಕ್ಕೆ ಮೀಸಲಿಟ್ಟಿತು. ರಾಜ್ಯದ ನಿಯಮದಂತೆ ಶೇ 24.10 ಪರಿಶಿಷ್ಟರ ಕಲ್ಯಾಣಕ್ಕೆ, ಶೇ 7.25 ಇತರ ಬಡವರಿಗೆ ಮತ್ತು ಶೇ 5 ಅಂಗವಿಕಲರಿಗೆ ವಿನಿಯೋಗವಾಗಬೇಕು. ಹೀಗಾಗಿ ಸಭೆಯು ತನ್ನ ಇಚ್ಛೆಯಂತೆ ಹಂಚಬಹುದಾದ ಹಣ ಸೀಮಿತವಾಗಿರುತ್ತದೆ. ಕಾಮಗಾರಿ ಮತ್ತು ಖರೀದಿಗಳಿಗೆ 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ.

ಸಮಸ್ಯೆಗಳು

ಅಧ್ಯಕ್ಷ ಸ್ಥಾನದ ಮೀಸಲಾತಿ ಪ್ರಕಟಣೆಯಲ್ಲಿನ ವಿಳಂಬ ರಾಜ್ಯದ ಸ್ಥಳೀಯ ಸಂಸ್ಥೆಗಳನ್ನು ಪದೇ ಪದೇ ಕಾಡಿದೆ. 2018ರ ಆಗಸ್ಟ್‌ನಲ್ಲಿ ಚುನಾವಣೆ ನಡೆದ ಅನೇಕ ಸಂಸ್ಥೆಗಳಲ್ಲಿ ಮೀಸಲಾತಿ ಕುರಿತ ನ್ಯಾಯಾಲಯ ವ್ಯಾಜ್ಯಗಳಿಂದಾಗಿ 2020ರ ಕೊನೆಯವರೆಗೆ ಅಧ್ಯಕ್ಷರ ಆಯ್ಕೆ ನಡೆಯಲಿಲ್ಲ. ಅವರ ಅವಧಿ 2023ರಲ್ಲಿ ಮುಗಿದ ನಂತರ, ಎರಡನೇ ಅವಧಿಯ ಮೀಸಲಾತಿ ಪಟ್ಟಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಇಂಥ ಅವಧಿಗಳಲ್ಲಿ ಕಂದಾಯ ಅಧಿಕಾರಿಗಳು ಆಡಳಿತಾಧಿಕಾರಿಗಳಾಗಿ ಕಾರ್ಯನಿರ್ವಹಿಸುತ್ತಾರೆ. ಬಿಲ್ಲುಗಳ ಪಾವತಿ ನಿಲ್ಲುವುದಿಲ್ಲ. ಆದರೆ ಖರ್ಚನ್ನು ಪ್ರಶ್ನಿಸಬೇಕಾದ ಸಭೆ ನಡೆಯುವುದಿಲ್ಲ. ಗೆದ್ದ ಸದಸ್ಯರು ಅಧಿಕಾರವಿಲ್ಲದೆ ಉಳಿಯುತ್ತಾರೆ.

ಅನಧಿಕೃತ ಬಡಾವಣೆಗಳು ಮತ್ತೊಂದು ಸಮಸ್ಯೆಯಾಗಿವೆ. ಅಂಥ ಆಸ್ತಿಗಳನ್ನು ತೆರಿಗೆ ವ್ಯಾಪ್ತಿಗೆ ತರಲು ಸರ್ಕಾರವು 2025ರ ಫೆಬ್ರುವರಿಯಲ್ಲಿ ಬಿ-ಖಾತಾ ನೀಡುವ ಅಭಿಯಾನವನ್ನು ಆರಂಭಿಸಿತು. ಬಿ-ಖಾತಾ ದೊರೆತ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ.

ನಾಗರಿಕರ ಹಕ್ಕುಗಳು

2005ರ ಮಾಹಿತಿ ಹಕ್ಕು ಅಧಿನಿಯಮದ ಅಡಿಯಲ್ಲಿ ನಾಗರಿಕರು ಸಭೆಯ ನಡಾವಳಿ, ಕ್ರಿಯಾಯೋಜನೆ, ಅಳತೆ ಪುಸ್ತಕ ಮತ್ತು ಬಿಲ್ಲುಗಳ ಪ್ರತಿಗಳನ್ನು ಕೋರಬಹುದು. ಖಾತಾ ಬದಲಾವಣೆಯಂಥ ಸೇವೆಗಳನ್ನು ನಿಗದಿತ ದಿನಗಳಲ್ಲಿ ಒದಗಿಸುವುದು 2011ರ ಸಕಾಲ ಅಧಿನಿಯಮದಂತೆ ಕಚೇರಿಯ ಹೊಣೆಯಾಗಿದೆ. ಅರ್ಜಿ ಸಲ್ಲಿಸಿದಾಗ ದೊರೆಯುವ ಸ್ವೀಕೃತಿ ಪತ್ರವು ಮುಂದಿನ ಮೇಲ್ಮನವಿಗೆ ಆಧಾರವಾಗುತ್ತದೆ.