ಒಂದೇ ಅಂತಸ್ತಿನ ಉಗ್ರಾಣ

ಕಂಪ್ಯೂಟರಿನ 'ಮೆಮೊರಿ'ಯನ್ನು ಕನ್ನಡದಲ್ಲಿ ಏನೆನ್ನಬೇಕು? ಸ್ಮೃತಿ ಅನ್ನುವವರಿದ್ದಾರೆ, ನೆನಪು ಅನ್ನುವವರಿದ್ದಾರೆ. ನನ್ನ ಓಟು ಉಗ್ರಾಣಕ್ಕೆ. ನಗಬೇಡಿ, ನಾವು ಬಂದು ನೆಲೆಸಿರುವ ಈ ಇಂಗ್ಲೆಂಡಿನ ಹಳೆಯ ಎಂಜಿನಿಯರುಗಳೂ ಅದನ್ನು 'ಸ್ಟೋರ್' ಎಂದೇ ಕರೆಯುತ್ತಿದ್ದರು.

ನನ್ನಜ್ಜಿಯ ಅಡುಗೆಮನೆಯಲ್ಲಿ ಉಪ್ಪು, ಸಾಸಿವೆ ಒಲೆಯ ಬದಿಯಲ್ಲಿ ಇರುತ್ತಿದ್ದವು. ತಿಂಗಳ ಬೇಳೆ ನಾಗಂದಿಗೆಯ ಮೇಲೆ. ವರ್ಷದ ಹುಣಸೆಹಣ್ಣು ಅಟ್ಟದಲ್ಲಿ. ಒಲೆಯ ಬದಿಯ ಜಾಗ ಚಿಕ್ಕದು, ಅಟ್ಟಕ್ಕೆ ಹತ್ತಿದರೆ ಒಗ್ಗರಣೆ ಸೀಯುತ್ತದೆ. ಕಂಪ್ಯೂಟರಿನ ಪಾಡೂ ಇಷ್ಟೇ. ಬೇಗ ಕೈಗೆ ಸಿಗುವ ಮೆಮೊರಿ ದುಬಾರಿ, ಆದ್ದರಿಂದ ಸ್ವಲ್ಪವೇ ಇರುತ್ತದೆ. ಅಗ್ಗದ್ದು ಬೇಕಾದಷ್ಟು ಇರುತ್ತದೆ, ಆದರೆ ನಿಧಾನ. ಯಾವುದು ಎಲ್ಲಿರಬೇಕು, ಅದನ್ನು ತೀರ್ಮಾನಿಸುವವರು ಯಾರು ಎನ್ನುವುದು ಎಪ್ಪತ್ತು ವರ್ಷಗಳಿಗೂ ಹಿಂದಿನ ಜಗಳ.

ಅದರ ಒಂದು ದೊಡ್ಡ ಅಧ್ಯಾಯ ನಡೆದದ್ದು ಮ್ಯಾಂಚೆಸ್ಟರಿನಲ್ಲಿ. 1948ರ ಜೂನ್ 21ರಂದು ಫ್ರೆಡ್ಡಿ ವಿಲಿಯಮ್ಸ್, ಟಾಮ್ ಕಿಲ್‌ಬರ್ನ್ ಮತ್ತು ಜೆಫ್ ಟೂಟಿಲ್ ಕಟ್ಟಿದ 'ಬೇಬಿ' ಎಂಬ ಯಂತ್ರ ತನ್ನದೇ ಉಗ್ರಾಣದಲ್ಲಿಟ್ಟುಕೊಂಡ ಪ್ರೋಗ್ರಾಮನ್ನು ನಡೆಸಿ ತೋರಿಸಿತು. ಉಗ್ರಾಣವೆಂದರೆ ಗಾಜಿನ ಕೊಳವೆಯ ಪರದೆಯ ಮೇಲಿನ ಚುಕ್ಕಿಗಳು, ಒಟ್ಟು 32 ಪದ. ಅದು ಸಾಲುವುದೆಲ್ಲಿ? ಮರುವರ್ಷದ ಮಾರ್ಕ್ 1 ಯಂತ್ರಕ್ಕೆ ತಿರುಗುವ ಅಯಸ್ಕಾಂತದ ಡ್ರಮ್ಮೊಂದನ್ನು ಜೋಡಿಸಿದರು. ಅದೇ ಅಟ್ಟ. ಇಂತಿಷ್ಟು ಮಾಹಿತಿಯ ಒಂದು ಕಂತೆಗೆ ಅಲ್ಲಿ 'ಪೇಜ್' ಎಂದೇ ಹೆಸರು. ಸಾಹಿತ್ಯದವರಾದ ನಮಗೆ ಪುಟ ಎಂದರೆ ಖುಷಿಯೇ, ಆದರೆ ಆಗ ಪ್ರೋಗ್ರಾಮು ಬರೆಯುವವರಿಗೆ ಅದು ತಲೆನೋವು. ಯಾವ ಪುಟ ಯಾವಾಗ ಕೆಳಗಿಳಿಯಬೇಕು, ಯಾವುದು ವಾಪಸು ಹೋಗಬೇಕು ಎಂದು ಅವರೇ ಸಾಲುಸಾಲಾಗಿ ಬರೆದಿಡಬೇಕಿತ್ತು. ಲೆಕ್ಕ ಮಾಡುವುದಕ್ಕಿಂತ ಏಣಿ ಹತ್ತಿ ಇಳಿಯುವ ಯೋಜನೆಯೇ ಹೆಚ್ಚು!

ಕಿಲ್‌ಬರ್ನ್ ತಂಡ ಫೆರಾಂಟಿ ಕಂಪನಿಯ ಜೊತೆ ಕಟ್ಟಿದ ಅಟ್ಲಾಸ್ ಯಂತ್ರ 1962ರ ಡಿಸೆಂಬರ್ 7ರಂದು ಉದ್ಘಾಟನೆಯಾಯಿತು. ಅದರ ವೇಗದ 'ಕೋರ್' ಉಗ್ರಾಣದಲ್ಲಿ 16,384 ಪದಗಳು, ಡ್ರಮ್ಮುಗಳಲ್ಲಿ 98,304. ಪುಟಕ್ಕೆ 512 ಪದಗಳ ಲೆಕ್ಕದಲ್ಲಿ ಒಲೆಯ ಬದಿ 32 ಪುಟ, ಅಟ್ಟದಲ್ಲಿ 192. ಕೋರ್‌ನಿಂದ ಒಂದು ಪದ ಓದಲು ಎರಡು ಮೈಕ್ರೋಸೆಕೆಂಡು ಬೇಕು. ಡ್ರಮ್ಮು ತಿರುಗಿ ಬೇಕಾದ ಜಾಗ ಸಿಗಲು ಸರಾಸರಿ ಆರು ಮಿಲಿಸೆಕೆಂಡು. ಅಂದರೆ ಮೂರು ಸಾವಿರ ಪಟ್ಟು. ಉಪ್ಪಿನ ಡಬ್ಬಿಗೆ ಕೈಚಾಚಲು ಒಂದು ಸೆಕೆಂಡಾದರೆ, ಅಟ್ಟದಿಂದ ಹುಣಸೆ ತರಲು ಐವತ್ತು ನಿಮಿಷ!

ಅದೇ ವರ್ಷ ಕಿಲ್‌ಬರ್ನ್, ಎಡ್ವರ್ಡ್ಸ್, ಲ್ಯಾನಿಗನ್ ಮತ್ತು ಸಮ್ನರ್ ಬರೆದ ಪ್ರಬಂಧದ ಹೆಸರೇ 'ಒಂದೇ ಅಂತಸ್ತಿನ ಉಗ್ರಾಣ ವ್ಯವಸ್ಥೆ' ಎಂಬರ್ಥದ್ದು. ಪ್ರೋಗ್ರಾಮು ಬರೆಯುವವನಿಗೆ ಅಟ್ಟವೂ ಕಾಣದು, ಏಣಿಯೂ ಕಾಣದು. ಎಲ್ಲವೂ ಒಂದೇ ದೊಡ್ಡ ಕೋಣೆ. ಕೇಳಿದ ಪುಟ ಕೋರ್‌ನಲ್ಲಿ ಇಲ್ಲದಿದ್ದರೆ ಯಂತ್ರ ತಾನೇ ಪ್ರೋಗ್ರಾಮನ್ನು ನಿಲ್ಲಿಸಿ, 'ಸೂಪರ್‌ವೈಸರ್' ಎಂಬ ಮೇಲ್ವಿಚಾರಕ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಇಂದಿನ ಕರ್ನೆಲ್‌ಗಳ ಪೂರ್ವಜ ಅದು. ಅಲ್ಲಿ ಇನ್ನೊಂದು ಜಾಣತನವಿತ್ತು. ಕೋರ್‌ನಲ್ಲಿ ಯಾವಾಗಲೂ ಒಂದು ಪುಟದ ಜಾಗ ಖಾಲಿ ಇಟ್ಟಿರುತ್ತಿದ್ದರು. ಬರುವ ಪುಟ ನೇರವಾಗಿ ಅಲ್ಲಿಗೆ ಬರಲಿ. ಅದು ಬರುವಷ್ಟರಲ್ಲಿ ಯಾರನ್ನು ಹೊರಗೆ ಕಳಿಸಬೇಕೆಂದು ಯೋಚಿಸೋಣ ಅಂತ.

ಆ ಯೋಚನೆಗೆ ಅವರು ಇಟ್ಟ ಹೆಸರು 'ಕಲಿಯುವ ಪ್ರೋಗ್ರಾಮು'. ಸುಮಾರು 1,024 ಆಜ್ಞೆಗಳಿಗೊಮ್ಮೆ ಯಾವ ಪುಟ ಬಳಕೆಯಾಗಿದೆ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಒಂದು ಪುಟ ಕಳೆದ ಸಲ ಸುಮ್ಮನಿದ್ದುದಕ್ಕಿಂತ ಈ ಸಲ ಹೆಚ್ಚು ಹೊತ್ತು ಸುಮ್ಮನಿದ್ದರೆ, ಇನ್ನು ಬೇಡವೆಂದು ಅಟ್ಟಕ್ಕೆ ಕಳಿಸುವುದು. ಅಜ್ಜಿಯದೂ ಇದೇ ಲೆಕ್ಕ, ಆದರೆ ಅವಳು ಪ್ರಬಂಧ ಬರೆಯಲಿಲ್ಲ.

ನುರಿತ ಪ್ರೋಗ್ರಾಮರುಗಳಿಗೆ ಇದು ಒಗ್ಗಲಿಲ್ಲ. ತಮ್ಮ ಪ್ರೋಗ್ರಾಮಿಗೆ ಮುಂದೇನು ಬೇಕೆಂದು ತಮಗಿಂತ ಚೆನ್ನಾಗಿ ಯಂತ್ರಕ್ಕೆ ಹೇಗೆ ಗೊತ್ತಾದೀತು? ಆಕ್ಷೇಪ ನ್ಯಾಯವಾದದ್ದೇ. 1966ರಲ್ಲಿ ಐಬಿಎಂನ ಬೆಲಾಡಿ ಬೇರೆಬೇರೆ ಉಪಾಯಗಳನ್ನು ಅಳೆದು ನೋಡಿದ. ಎಲ್ಲಕ್ಕಿಂತ ಉತ್ತಮವಾದದ್ದು, ಮುಂದೆ ಅತಿ ತಡವಾಗಿ ಬೇಕಾಗುವ ಪುಟವನ್ನು ಕಳಿಸುವುದು. ಅದಕ್ಕೆ ಭವಿಷ್ಯ ಗೊತ್ತಿರಬೇಕು, ಅಷ್ಟೇ! ಉಳಿದವರೆಲ್ಲ ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸುವವರು. ಆದರೂ 1969ರಲ್ಲಿ ಅದೇ ಐಬಿಎಂನ ಡೇವಿಡ್ ಸೇಯರ್ ಪ್ರಯೋಗದ ಅಂಕಿಗಳನ್ನು ಮುಂದಿಟ್ಟು, ಯಂತ್ರದ ಊಹೆ ಮನುಷ್ಯರ ಕೈಗೆಲಸಕ್ಕೆ ಸರಿಗಟ್ಟಬಲ್ಲದೆಂದು ವಾದಿಸಿದ. ನನ್ನ ಮಟ್ಟಿಗೆ ಜಗಳ ಅಲ್ಲಿಗೆ ತೀರಿತು.

ಆದರೆ ಒಲೆಗೆ ಬೇಕಾದ್ದೇ ಒಲೆಯ ಬದಿಯಲ್ಲಿ ಹಿಡಿಸದಿದ್ದರೆ? ಏಣಿ ಹತ್ತಿ ಇಳಿಯುವುದರಲ್ಲೇ ದಿನ ಮುಗಿಯುತ್ತದೆ. 1968ರಲ್ಲಿ ಪೀಟರ್ ಡೆನಿಂಗ್ ಇದನ್ನು ವಿವರಿಸಿದ. ಪ್ರತಿ ಪ್ರೋಗ್ರಾಮಿಗೂ ಆಯಾ ಹೊತ್ತಿಗೆ ಬೇಕಾಗುವ ಪುಟಗಳ ಒಂದು ಗುಂಪಿರುತ್ತದೆ. ಎಲ್ಲರ ಗುಂಪುಗಳೂ ಹಿಡಿಸದಿದ್ದರೆ ಒಬ್ಬರನ್ನು ಪೂರಾ ಹೊರಗೆ ಕೂರಿಸಿ. ನನ್ನ ಮೊದಲ ಕೆಲಸದಲ್ಲಿ ಸರ್ವರೊಂದು ತೆವಳತೊಡಗಿದಾಗ, ಬೇಗ ಮುಗಿಯಲಿ ಎಂದು ನಾನು ಇನ್ನೂ ನಾಲ್ಕು ಪ್ರೋಗ್ರಾಮುಗಳನ್ನು ಎಬ್ಬಿಸಿಬಿಟ್ಟೆ. ಡಿಸ್ಕಿನ ದೀಪ ಬೆಳಗಿನವರೆಗೂ ಮಿನುಗುತ್ತಿತ್ತು, ಕೆಲಸ ಮಾತ್ರ ಒಂದಿಂಚೂ ಮುಂದೆ ಹೋಗಲಿಲ್ಲ. ಎಂ.ಎಸ್. ಪರೀಕ್ಷೆಯಲ್ಲಿ ಡೆನಿಂಗ್ ಬಗ್ಗೆ ಎರಡು ಪುಟ ಬರೆದವನು ನಾನೇ!

ಮುಂದಿನ ಹಲವು ದಶಕ ವಿಷಯ ಬಹುಮಟ್ಟಿಗೆ ಹೀಗೇ ಸಾಗಿತು: ಹತ್ತಿರ ರ‍್ಯಾಮ್, ದೂರದಲ್ಲಿ ಡಿಸ್ಕು. ನಡುವೆ ಹೊಸ ನಾಗಂದಿಗೆ ಬಂದದ್ದು 2019ರಲ್ಲಿ. ಆ ವರ್ಷ ಇಂಟೆಲ್‌ನ ಆಪ್ಟೇನ್ ಮೆಮೊರಿ ಸರ್ವರುಗಳಿಗೆ ಬಂತು. ರ‍್ಯಾಮ್‌ಗಿಂತ ಕೆಲವೇ ಪಟ್ಟು ನಿಧಾನ, ಮತ್ತು ಪ್ರೊಸೆಸರು ಅದನ್ನು ನೇರವಾಗಿ ಓದಬಲ್ಲದು. ತೊಡಕು ಇರುವುದು ಆ 'ನೇರವಾಗಿ' ಎಂಬಲ್ಲೇ. ಅಟ್ಲಾಸಿನಲ್ಲಿ ಡ್ರಮ್ಮಿನ ಪುಟ ಬೇಕಾದಾಗ ಯಂತ್ರ ನಿಂತು ಮೇಲ್ವಿಚಾರಕನನ್ನು ಕೂಗುತ್ತಿತ್ತು, ಹಾಗಾಗಿ ಅವನಿಗೆ ಗೊತ್ತಾಗುತ್ತಿತ್ತು. ಇಲ್ಲಿ ನಿಧಾನದ ಮೆಮೊರಿಯನ್ನು ಪ್ರೊಸೆಸರು ಸದ್ದಿಲ್ಲದೆ ಓದಿಕೊಳ್ಳುತ್ತದೆ. ಯಾವ ಪುಟಕ್ಕೆ ಬೇಡಿಕೆಯಿದೆ ಎಂದು ಕರ್ನೆಲ್‌ಗೆ ತಿಳಿಯುವುದು ಹೇಗೆ?

ಲಿನಕ್ಸ್ ಕರ್ನೆಲ್ ಹಿಡಿದ ದಾರಿ ತಮಾಷೆಯಾಗಿದೆ. 2021ರ 5.15ನೇ ಆವೃತ್ತಿಯಲ್ಲಿ ಕೆಳಗಿಳಿಸುವುದನ್ನು ಕಲಿಯಿತು: ತಣ್ಣಗಾದ ಪುಟವನ್ನು ಡಿಸ್ಕಿಗೆ ನೂಕುವ ಬದಲು ನಿಧಾನದ ಮೆಮೊರಿಗೆ ಸರಿಸುವುದು. ಮೇಲೆತ್ತುವುದು ಬಂದದ್ದು 2022ರ 5.18ರಲ್ಲಿ. ಅದಕ್ಕಾಗಿ ಕೆಲವು ಪುಟಗಳಿಗೆ ಬೇಕೆಂದೇ ಸುಳ್ಳು ಬೀಗ ಹಾಕುತ್ತದೆ. ಪುಟ ಅಲ್ಲೇ ಇದೆ, ಆದರೆ ಮುಟ್ಟಲು ಹೋದ ಪ್ರೊಸೆಸರು ಎಡವಿ ಕರ್ನೆಲನ್ನು ಕೂಗಲೇಬೇಕು. ಬೀಗ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಕೂಗು ಬಂದರೆ ಆ ಪುಟ ಬಿಸಿಯಿದೆ ಎಂದರ್ಥ, ರ‍್ಯಾಮ್‌ಗೆ ತಾ. ಅಟ್ಲಾಸಿಗೆ ತಾನಾಗಿ ಕೇಳಿಸುತ್ತಿದ್ದ ಕೂಗನ್ನು ನಾವೀಗ ಕಷ್ಟಪಟ್ಟು ಹುಟ್ಟಿಸುತ್ತಿದ್ದೇವೆ.

ಅದೇ ವರ್ಷದ ಜುಲೈನಲ್ಲಿ ಇಂಟೆಲ್ ಆಪ್ಟೇನ್ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಆದರೂ ಬರೆದ ಕೋಡು ದಂಡವಾಗಲಿಲ್ಲ. ಸಿಎಕ್ಸ್‌ಎಲ್ ಎಂಬ ಕೊಂಡಿಯ ಮೂಲಕ ದೂರದಲ್ಲಿ ಜೋಡಿಸುವ ಮೆಮೊರಿಗೂ ಅದೇ ಕೋಡು ಒದಗುತ್ತದೆ. 5.18ರ ಆ ಬದಲಾವಣೆಗಳನ್ನು ಓದುವಾಗ ಒಂದು ಕಡೆ ನಿಂತುಬಿಟ್ಟೆ. ಮೇಲಕ್ಕೆ ಬರುವ ಪುಟಗಳು ಕಾಯದಿರಲಿ ಎಂದು, ವೇಗದ ಮೆಮೊರಿಯಲ್ಲಿ ಮಾಮೂಲಿಗಿಂತ ಸ್ವಲ್ಪ ಹೆಚ್ಚೇ ಜಾಗವನ್ನು ಮೊದಲೇ ಖಾಲಿ ಮಾಡಿಟ್ಟುಕೊಳ್ಳಲು ಅಲ್ಲಿ ಹೊಸದೊಂದು ಗುರುತು ಸೇರಿಸಿದ್ದರು. ಕಿಲ್‌ಬರ್ನ್ ತಂಡ ಬಿಟ್ಟಿದ್ದು ಒಂದೇ ಪುಟದಷ್ಟು.