ಚುನಾರಿನ ಗುಹೆ, ಉರುಸಿನ ಪುಸ್ತಕ

ನಾನಾಗ ಹತ್ತು ವರ್ಷದ ಹುಡುಗ. ನಮ್ಮ ಮೊಹಲ್ಲಾದ ಯುವಕನೊಬ್ಬ ಉರುಸಿನ ಅಂಗಡಿಯಲ್ಲಿ ಒಂದು ಉರ್ದು ಪುಸ್ತಕ ಕೊಂಡು ತಂದು, ಮುವಕ್ಕಿಲನನ್ನು ವಶಮಾಡಿಕೊಳ್ಳುತ್ತೇನೆಂದು ಹಿತ್ತಲ ಕೋಣೆಯಲ್ಲಿ ಚಿಲ್ಲಾ ಕೂತ. ನಲವತ್ತು ದಿನದ ವ್ರತ. ಹತ್ತೊಂಬತ್ತನೆಯ ದಿನ ಕಿರುಚುತ್ತ ಹೊರಗೆ ಬಂದ. 'ರಜ್‌ಅತ್ ಆಗಿದೆ, ಅಮಲು ತಿರುಗಿಬಿದ್ದಿದೆ' ಅಂದರು ಹಿರಿಯರು. ಅವನ ನಿದ್ದೆ ಹೋಯಿತು. ಮನೆಯವರು ಒಬ್ಬ ಆಮಿಲನಿಂದ ಇನ್ನೊಬ್ಬ ಆಮಿಲನ ಬಳಿಗೆ ಅಲೆದು ಇದ್ದ ಅರ್ಧ ಮನೆಯನ್ನೂ ಮಾರಿಕೊಂಡರು. ನಮ್ಮ ಮನೆಯಲ್ಲೂ ಅಂಥದ್ದೊಂದು ಪುಸ್ತಕವಿತ್ತು. ಅದನ್ನು ಅಮ್ಮಿ ಬಟ್ಟೆಯಲ್ಲಿ ಸುತ್ತಿ ಪಾಳುಬಾವಿಗೆ ಹಾಕಿಸಿದರು.

ಆ ಪುಸ್ತಕಗಳು ಯಾವುದರ ತುಣುಕು ಎಂದು ತಿಳಿದದ್ದು ಬಹಳ ವರ್ಷಗಳ ನಂತರ, 'ಜವಾಹಿರೆ ಖಂಸಾ'ದ ಉರ್ದು ಅನುವಾದ ಕೈಗೆ ಸಿಕ್ಕಾಗ. ಜವಾಹಿರೆ ಖಂಸಾ ಎಂದರೆ ಐದು ರತ್ನಗಳು. ಬರೆದವರು ಗ್ವಾಲಿಯರಿನ ಶತ್ತಾರಿ ಸೂಫಿ ಶೇಖ್ ಮುಹಮ್ಮದ್ ಗೌಸ್. 1563ರಲ್ಲಿ ತೀರಿಕೊಂಡ ಅವರ ಗೋರಿಯ ಪಕ್ಕದಲ್ಲೇ ತಾನ್‌ಸೇನನ ಗೋರಿಯೂ ಇದೆ. ಚುನಾರಿನ ಬೆಟ್ಟಗಳ ಗುಹೆಯಲ್ಲಿ ಎಲೆ-ಹಣ್ಣು ತಿಂದು ಅವರು ಹನ್ನೆರಡು ವರ್ಷ ಸಾಧನೆ ಮಾಡಿದರೆಂದು ಬದಾಯೂನಿ ಬರೆದಿದ್ದಾನೆ. ಚಿಕ್ಕ ವಯಸ್ಸಿನಲ್ಲಿ ಬರೆದ ಪುಸ್ತಕವನ್ನು ಅವರು 1549ರಲ್ಲಿ ತಿದ್ದಿದರು.

ಮೊದಲ ರತ್ನ ಆರಾಧಕರದು, ಎರಡನೆಯದು ವಿರಕ್ತರದು. ಇವೆರಡೂ ಆದ ಮೇಲೆ ಮೂರನೆಯದಾಗಿ 'ದಾವತ್', ಅಂದರೆ ದೇವನಾಮಗಳ ಮೂಲಕ ಅಗೋಚರ ಶಕ್ತಿಗಳನ್ನು ಕರೆಯುವ ವಿದ್ಯೆ. ಇಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಲಾರಿ, ಆಟೋಗಳ ಮೇಲೆ ನಾವು ಕಾಣುವ 786 ಬಿಸ್ಮಿಲ್ಲಾದ ಮೊತ್ತವಾದರೆ, ಅಲ್ಲಾಹ್ ಎಂಬ ಹೆಸರಿಗೆ 66. ಈ ಲೆಕ್ಕದ ಮೇಲೆ ಜಪ. ದಖನ್ನಿನ ಜಾಫರ್ ಶರೀಫ್ ಬರೆದು, ವೈದ್ಯ ಹರ್ಕ್ಲಾಟ್ಸ್ 1832ರಲ್ಲಿ ಇಂಗ್ಲಿಷಿಗೆ ತಂದ 'ಕಾನೂನೆ ಇಸ್ಲಾಂ'ನಲ್ಲಿ ಇದರ ಪಥ್ಯವೂ ಇದೆ. ಮಾಂಸ, ಮೀನು, ಮೊಟ್ಟೆ, ಜೇನು ಬಿಡಬೇಕು. ಎಲೆಗೆ ಹಚ್ಚುವ ಸುಣ್ಣ ಕೂಡ ನಿಷಿದ್ಧ!

ಮನಸ್ಸಿನಲ್ಲಿ ರೂಪ ಕಟ್ಟುವ ಕಲೆಯನ್ನು ಕಾಣಬೇಕಾದರೆ ಗೌಸರ ಇನ್ನೊಂದು ಕೃತಿ 'ಬಹ್ರುಲ್ ಹಯಾತ್' ನೋಡಬೇಕು. 'ಅಮೃತಕುಂಡ' ಎಂಬ ಯೋಗಗ್ರಂಥ ಮೊದಲು ಅರಬಿಗೆ ಹೋಗಿತ್ತು. ಅದನ್ನು ಗೌಸರು ಪಾರಸಿಯಲ್ಲಿ ವಿಸ್ತರಿಸಿದರು. ಅದರಲ್ಲಿ 'ವಹಮ್' ಎಂಬುದಕ್ಕೇ ಒಂದು ಅಧ್ಯಾಯವಿದೆ. ನಮ್ಮ ಮನೆಮಾತಿನಲ್ಲಿ ವಹಮ್ ಎಂದರೆ ಭ್ರಮೆ. ಅದಕ್ಕೆ ಹಕೀಮ್ ಲುಕ್ಮಾನನ ಬಳಿಯೂ ಮದ್ದಿಲ್ಲ ಎಂದು ಗಾದೆ. ಇಲ್ಲಿ ಮಾತ್ರ ಅದೇ ಸಾಧನ. ದೇಹದಲ್ಲಿ ಏಳು ಸ್ಥಾನಗಳು, ಒಂದೊಂದಕ್ಕೂ ಒಂದು ಗ್ರಹ, ಒಂದು ಮಂತ್ರ. ಆ ಮಂತ್ರಗಳಿಗೆ ಸರಿಹೊಂದುವ ಅರಬಿ ದೇವನಾಮಗಳನ್ನೂ ಜೋಡಿಸಿದ್ದಾರೆ. ಕಣ್ಣುಮುಚ್ಚಿ, ಉಸಿರು ಹಿಡಿದು, ಒಂದೊಂದು ಸ್ಥಾನದಲ್ಲಿ ಮನಸ್ಸನ್ನು ನಿಲ್ಲಿಸಬೇಕು. ಯೋಗಿನಿಯರನ್ನು ಕರೆಯುವ ವಿಧಾನವೂ ಈ ಪುಸ್ತಕದಲ್ಲಿದೆ, ಮುಚ್ಚಿಡುವುದೇಕೆ? 1600ರ ಸುಮಾರಿಗೆ ಅಲಹಾಬಾದಿನಲ್ಲಿ ರಾಜಕುಮಾರ ಸಲೀಂನಿಗಾಗಿ ಇದರ ಒಂದು ಪ್ರತಿಯನ್ನು ಆಸನಗಳ ಚಿತ್ರ ಬರೆಸಿ ಸಿದ್ಧಪಡಿಸಲಾಯಿತು. ಅದೀಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.

ಅದೇ ಗ್ರಂಥಾಲಯದಲ್ಲಿ ನಮ್ಮ ಬಿಜಾಪುರದ 'ನುಜೂಮುಲ್ ಉಲೂಮ್' ಕೂಡ ಇದೆ. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, 1570ರಲ್ಲಿ ಸಿದ್ಧವಾದದ್ದು. ಅದರಲ್ಲಿ 'ರೂಹಾನಿ'ಗಳೆಂಬ ಶಕ್ತಿದೇವತೆಯರ ಚಿತ್ರಗಳು ಸಾಲಾಗಿವೆ. ಚಿತ್ರವನ್ನು ನೋಡಿ ನೋಡಿ ಕಣ್ಣುಮುಚ್ಚಿದರೆ ರೂಪ ಒಳಗೆ ನಿಲ್ಲುತ್ತದೆ, ಅದಕ್ಕೇ ಬರೆಸಿರಬೇಕು ಎಂಬುದು ನನ್ನ ಊಹೆ. ಮುಂದೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಬಿಜಾಪುರದಲ್ಲಿ ಕೆಲಕಾಲವಿದ್ದ ಶಾಹ ಸಿಬ್ಗತುಲ್ಲಾ ಮದೀನಾಕ್ಕೆ ಹೋಗಿ ನೆಲೆಸಿದರು. ಜವಾಹಿರನ್ನು ಅರಬಿಗೆ ತಂದವರು ಅವರೇ. 1606ರಲ್ಲಿ ಅಲ್ಲೇ ತೀರಿಕೊಂಡರು. ಅವರ ಶಿಷ್ಯಪರಂಪರೆಯ ಮೂಲಕ ಶತ್ತಾರಿ ಪಂಥ ಸುಮಾತ್ರಾದ ಆಚೆಯವರೆಗೂ ತಲುಪಿತು.

ವಿರೋಧ ಇರಲಿಲ್ಲವೇ? ಇತ್ತು. ಗೌಸರು ತಮಗೆ ಮೇರಾಜ್ ಆಯಿತೆಂದು ಬರೆದುಕೊಂಡದ್ದಕ್ಕೆ ಗುಜರಾತಿನಲ್ಲಿ ಅಲಿ ಮುತ್ತಕಿಯವರು ಅವರ ವಿರುದ್ಧ ಫತ್ವಾ ಕೊಟ್ಟರು. ದೊಡ್ಡ ವಿದ್ವಾಂಸರಾದ ವಜೀಹುದ್ದೀನ್ ಅಲವಿ ಗೌಸರ ಪಕ್ಷ ವಹಿಸಿದರು, ಶಿಷ್ಯರೂ ಆದರು. ಇಂದು ಒಂದು ಗುಂಪಿಗೆ ಇದೆಲ್ಲ ಶಿರ್ಕ್. ಇನ್ನೊಂದು ಗುಂಪಿಗೆ ಸೂಫಿಗಳೆಂದರೆ ಬರೀ ಪ್ರೇಮ ಮತ್ತು ಕವ್ವಾಲಿ. ಮೂರನೆಯ ರತ್ನವನ್ನು ಓದಲು ಇಬ್ಬರಿಗೂ ಇಷ್ಟವಿಲ್ಲ. ಮುವಕ್ಕಿಲರು ಬರುತ್ತಾರೆಂದು ನಾನೂ ನಂಬುವುದಿಲ್ಲ. ಆದರೆ ಬರುತ್ತಾರೆಂದು ನಂಬಿದವರೇ ಅದಕ್ಕೆ ಮುಂಚೆ ಎರಡು ರತ್ನಗಳನ್ನು ಇಟ್ಟಿದ್ದರು, ಪೀರರ ಇಜಾಜತ್ ಇಟ್ಟಿದ್ದರು. ಮನಸ್ಸನ್ನು ಹಾಗೆ ಒಂಟಿಯಾಗಿ ಬಿಟ್ಟರೆ ಏನಾದೀತೆಂದು ಅವರಿಗೆ ಗೊತ್ತಿತ್ತು. ಉರುಸಿನ ಅಂಗಡಿಗೆ ಬಂದದ್ದು ಮೂರನೆಯದರ ಚೂರು ಮಾತ್ರ.

ಆ ಯುವಕ ಈಗ ಅರವತ್ತರ ಸಮೀಪ. ಯಾರೋ ಪುಣ್ಯಾತ್ಮರು ಕೊನೆಗೆ ಮನೋವೈದ್ಯರ ಬಳಿ ಕರೆದೊಯ್ದರಂತೆ. ಗುಳಿಗೆ ತಗೊಂಡರೆ ನಿದ್ದೆ ಬರುತ್ತದೆ. ಹೋದ ರಮ್ಜಾನಿನಲ್ಲಿ ಮಸೀದಿಯ ಹೌಜಿನ ಬಳಿ ಸಿಕ್ಕಾಗ ಕೇಳಿದೆ:

"ಭಾಯಿಜಾನ್, ಆಗ ನಿಮಗೆ ಯಾರ ಇಜಾಜತ್ ಇತ್ತು?"

"ಇಜಾಜತ್ತಾ?" ಎಂದು ನಕ್ಕರು. "ಪುಸ್ತಕದ ಮೇಲೆ ಎರಡೂವರೆ ರೂಪಾಯಿ ಅಂತ ಬರೆದಿತ್ತಪ್ಪಾ. ಕೊಟ್ಟೆ, ತಂದೆ."